ಒಂದು ಚಿಟಿಕೆ ಬೂದಿ

ಶಾಲೆ ತಪಾಸಣೆಗೆ ಸಾಹೇಬರು ಬರುವ ದಿನ ಅಂತ ಪ್ರಯೋಗಾಲಯದ ಅಟೆಂಡರ್ ಕೈಗೆ ಸಿಕ್ಕಿದ್ದನ್ನೆಲ್ಲ ತೊಳೆದಿಟ್ಟಿದ್ದ. ರಸಾಯನದ ಮೇಷ್ಟ್ರು ಜೋಪಾನ ಮಾಡಿದ್ದ ಬೂದಿ ಡಬ್ಬಿಯೂ ಫಳಫಳ ಹೊಳೆಯುತ್ತಿತ್ತು.

"ಒಳಗೆ ಕಸ ಇತ್ತು ಸಾರ್, ಚೆಲ್ಲಿದೆ" ಅಂದ, ಶಭಾಸ್ ಅಂತಾರೇನೋ ಅನ್ನೋ ಹಾಗೆ.

ಮೇಷ್ಟ್ರು ಡಬ್ಬಿ ಬೋರಲು ಹಾಕಿ ತಟ್ಟಿ ನೋಡಿದರು. ಪಾಪ, ಆರು ವರ್ಷದಿಂದ ತಾತ್ಕಾಲಿಕ ನೌಕರಿ. ಇವತ್ತಿನ ಪಾಠ ಸಾಹೇಬರಿಗೆ ಹಿಡಿಸಿದರೆ ಕಾಯಂ, ಇಲ್ಲದಿದ್ದರೆ ಹಳೇ ಗತಿ. ಪಾಠ ನಿಂತಿದ್ದೇ ಒಂದು ಚಿಟಿಕೆ ಬೂದಿಯ ಮೇಲೆ. ಸಕ್ಕರೆ ಅಚ್ಚಿಗೆ ಬೆಂಕಿಕಡ್ಡಿ ಹಿಡಿದರೆ ಅದು ಕರಗಿ ತೊಟ್ಟಿಕ್ಕುತ್ತದೆಯೇ ಹೊರತು ಉರಿಯುವುದಿಲ್ಲ. ಒಳಗೆ ಶಕ್ತಿ ಬೇಕಾದಷ್ಟಿದೆ. ಹೊರಬರಲು ಮೊದಲು ಒಂದು ದಿಬ್ಬ ಹತ್ತಬೇಕು. ಆ ದಿಬ್ಬವೇ ಆಕ್ಟಿವೇಶನ್ ಎನರ್ಜಿ. ಬೂದಿ ಸವರಿದರೆ ದಿಬ್ಬ ತಗ್ಗುತ್ತದೆ, ಸಕ್ಕರೆ ಹೊತ್ತಿಕೊಳ್ಳುತ್ತದೆ.

ಸರಿ, ಕಾಗದ ಸುಟ್ಟರು. ಹೊಗೆ ಕಂಡು ಗಣಿತದ ಮೇಡಂ ಓಡಿಬಂದು ಫ್ಯಾನ್ ಹಾಕಿದರು. ಬೂದಿಯೆಲ್ಲ ಹಾರಿ ಮೇಷ್ಟ್ರ ಬಿಳಿ ಅಂಗಿ ಮೇಲೆ ಕೂತಿತು. ಮತ್ತೆ ಸುಡಹೋದರೆ ಮೇಡಂ, ಸಾಹೇಬರು ಬರೋ ಹೊತ್ತಲ್ಲಿ ಶಾಲೆಗೇ ಬೆಂಕಿ ಇಡ್ತೀರಾ ಅಂತ ಬಾಗಿಲಲ್ಲೇ ಕಾವಲು ನಿಂತರು.

ಮೇಷ್ಟ್ರು ಕದ್ದು ಕಾಗದ ಸುಡಲು ಹಿತ್ತಲ ಬಾಗಿಲಿಂದ ಜಾರಿ, ಆಟದ ಸಾಮಾನಿನ ಕೋಣೆಗೆ ನುಗ್ಗಿದರು. ಅಲ್ಲಿ ಬೋರಲು ಬಕೆಟ್ಟಿನ ಮೇಲೆ ಹೆಡ್‌ಮೇಷ್ಟ್ರು ಸಿಗರೇಟು ಸೇದುತ್ತ ಕೂತಿದ್ದರು. ಗೇಟಿಗೆ ಧೂಮಪಾನ ನಿಷೇಧದ ಬೋರ್ಡು ಹಾಕಿಸಿದ ಮಹಾನುಭಾವರು ಇವರೇ.

"ಸಾರ್, ಆ ಬೂದಿ ಕೆಡವಬೇಡಿ" ಅಂತ ಮೇಷ್ಟ್ರು ಡಬ್ಬಿ ಒಡ್ಡಿದರು. ಹೆಡ್‌ಮೇಷ್ಟ್ರು ಇಂಗು ತಿಂದ ಮಂಗನಂತಾಗಿ ಬೂದಿ ಕೊಡವಿದರು. ವಿಷಯ ನಮ್ಮಿಬ್ಬರಲ್ಲೇ ಇರಲಿ ಅಂತಲೂ ಬೇಡಿಕೊಂಡರು.

ತರಗತಿಯಲ್ಲಿ ಸಕ್ಕರೆ ಜಗ್ಗನೆ ಹೊತ್ತಿತು. ತೂಕಡಿಸುತ್ತಿದ್ದ ಸಾಹೇಬರು ಎದ್ದು ಕೂತರು. ಅದೆಂಥ ಬೂದಿ ಅಂತ ಕೇಳಿದರು. ಸಿಗರೇಟಿಂದು ಅಂತ ಮೇಷ್ಟ್ರ ಬಾಯಿ ಜಾರಿತು.

"ಯಾರ ಸಿಗರೇಟು?"

ಸಾಹೇಬರ ಪಕ್ಕ ಕೂತಿದ್ದ ಹೆಡ್‌ಮೇಷ್ಟ್ರು ಸೂರು ನೋಡತೊಡಗಿದರು. ಕಾಯಂ ಮಾಡಲು ಅವರ ಸಹಿಯೂ ಬೇಕು. ಅತ್ತ ದರಿ, ಇತ್ತ ಪುಲಿ.

"ನಂದೇ ಸಾರ್" ಅಂದರು, ಜನ್ಮದಲ್ಲಿ ಬೀಡಿ ಕೂಡ ಮುಟ್ಟದ ಮೇಷ್ಟ್ರು.

ಸಾಹೇಬರು ಮುಖ ಗಂಟಿಕ್ಕಿ ಅವರನ್ನು ಮೆಟ್ಟಿಲ ಕೆಳಗೆ ಕರೆದೊಯ್ದರು. ನೌಕರಿ ಹೋಯ್ತು ಅಂದುಕೊಂಡರು ಮೇಷ್ಟ್ರು. ಸಾಹೇಬರು ಆಚೀಚೆ ನೋಡಿ ದನಿ ತಗ್ಗಿಸಿದರು.

"ಬೆಳಿಗ್ಗೆಯಿಂದ ಮೂರು ಶಾಲೆ ಆಯ್ತು ಮೇಷ್ಟ್ರೇ, ತಲೆ ಸಿಡೀತಿದೆ. ಒಂದು ಸಿಗರೇಟು ಕೊಡಿ."

ಮೇಷ್ಟ್ರು ತಬ್ಬಿಬ್ಬಾದರು. "ಇಲ್ಲ ಸಾರ್. ನಾನು ಸೇದೋದೇ ಇಲ್ಲ."

ಸಾಹೇಬರು ಅವರನ್ನು ಮೇಲಿಂದ ಕೆಳಗೆ ನೋಡಿ, ಹೋಗಿ ವರದಿ ಬರೆದರು: "ಪಾಠ ಉತ್ತಮ. ಆದರೆ ಹಂಚಿಕೊಳ್ಳುವ ಬುದ್ಧಿ ಇಲ್ಲ, ಸುಳ್ಳು ಬೇರೆ ಹೇಳುತ್ತಾರೆ. ಇನ್ನೊಂದು ವರ್ಷ ತಾತ್ಕಾಲಿಕವಾಗಿಯೇ ಇರಲಿ."