ಜರ್ಮನಿಗೆ ಹೊರಟವಳ ಉಡಿ

ವಿದೇಶಿ ವಿದ್ಯಾರ್ಥಿವೇತನ ಗಳಿಸುವುದು ಕಷ್ಟ ಎನ್ನುವವರನ್ನು ಕಂಡರೆ ನನಗೆ ನಗು ಬರುತ್ತದೆ. ಗಳಿಸುವುದು ಬಹಳ ಸುಲಭ! ಓದಬೇಕು, ಅರ್ಜಿ ಹಾಕಬೇಕು, ಸಂದರ್ಶನದಲ್ಲಿ ಬೆದರದೆ ಮಾತಾಡಬೇಕು, ಅಷ್ಟೇ. ಕಷ್ಟ ಶುರುವಾಗುವುದು ಸಿಕ್ಕಿದ ಮೇಲೆ. ಅದರಲ್ಲೂ ಸಿಕ್ಕಿದವಳು ಗದಗಿನ ಕಡೆಯವಳಾಗಿ, ಸಯನ್ನಿನಲ್ಲಿ ಮನೆ ಮಾಡಿಕೊಂಡು, ಎದುರು ಬಾಗಿಲಲ್ಲಿ ಉಡುಪಿಯವರು ಇದ್ದರಂತೂ ದೇವರೇ ಕಾಪಾಡಬೇಕು.

ಎಪ್ಪತ್ತರ ದಶಕದ ಆರಂಭದ ಮಾತು. ನಾನಾಗ ವಿಲೆ ಪಾರ್ಲೆಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಲೆಕ್ಚರರ್. ನನ್ನ ಸಂಶೋಧನೆಯ ವಿಷಯ ಸೊಳ್ಳೆ. ಸಯನ್ನಿನಲ್ಲಿ ಇರುವವರು ಇಂಥ ವಿಷಯವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ವಿಷಯವೇ ದಿನಾ ಸಂಜೆ ಕಿಟಕಿಯಿಂದ ಒಳಗೆ ಬರುತ್ತಿತ್ತು. ಆದರೆ ಕಾಲೇಜಿನಲ್ಲಿದ್ದ ಒಂದೇ ಒಂದು ಒಳ್ಳೆಯ ಮೈಕ್ರೋಸ್ಕೋಪು ಪ್ರಿನ್ಸಿಪಾಲರ ಬೀರುವಿನಲ್ಲಿ ಬೀಗದೊಳಗಿತ್ತು. ಅದನ್ನು ಹಬ್ಬದ ದೇವರಂತೆ ವರ್ಷಕ್ಕೊಮ್ಮೆ ಹೊರಗೆ ತೆಗೆಯುತ್ತಿದ್ದರು. ಹಾಗಾಗಿ ಪಶ್ಚಿಮ ಜರ್ಮನಿಯ ಒಂದು ಪ್ರಯೋಗಾಲಯದೊಡನೆ ನಮ್ಮ ಕಾಲೇಜಿಗೆ ವಿನಿಮಯದ ಒಪ್ಪಂದವಾಗಿ, ಅಲ್ಲಿಂದ ಒಬ್ಬರು ಇಲ್ಲಿಗೂ ಇಲ್ಲಿಂದ ಒಬ್ಬರು ಅಲ್ಲಿಗೂ ವಿದ್ಯಾರ್ಥಿವೇತನದ ಮೇಲೆ ಒಂದು ವರ್ಷ ಹೋಗಿಬರಬಹುದು ಎಂದಾಗ ನಾನು ಹಟಕ್ಕೆ ಬಿದ್ದು ಅರ್ಜಿ ಹಾಕಿದೆ. ಆಯ್ಕೆಯೂ ಆದೆ! ನನ್ನ ನಂತರದ ಸ್ಥಾನ ನಮ್ಮ ಕಾಲೇಜಿನವರೇ ಆದ, ಕಾಂದಿವಲಿಯ ಒಬ್ಬ ಮಹಾಶಯರದು. ನಾನು ಹೋಗದಿದ್ದರೆ ಅವರು ಹೋಗುವುದು ಎಂದು ತೀರ್ಮಾನವಾಗಿತ್ತು.

ನಮ್ಮ ಕಡೆ ಮುತ್ತೈದೆ ದೂರದ ಊರಿಗೆ ಹೊರಟರೆ ಉಡಿ ತುಂಬದೆ ಕಳಿಸುವುದಿಲ್ಲ. ಮಣೆಯ ಮೇಲೆ ಕೂರಿಸಿ, ಸೆರಗಿನಲ್ಲಿ ಅಕ್ಕಿ, ಕಾಯಿ, ರವಿಕೆಯ ಖಣ, ಉತ್ತತ್ತಿ, ಅರಿಶಿನದ ಕೊಂಬು ಹಾಕಿ ಹರಸಿ ಬೀಳ್ಕೊಡುತ್ತಾರೆ. ಧಾರವಾಡಕ್ಕೆ ಹೋದರೂ ಅಷ್ಟೇ, ಜರ್ಮನಿಗೆ ಹೋದರೂ ಅಷ್ಟೇ.

"ಬರೂ ಶುಕ್ರವಾರ ಉಡಿ ತುಂಬೂಣು. ಒಂದ ಕಾಯಿ, ಒಂದ ಖಣ, ಸಾಕು," ಎಂದರು ಅತ್ತೆ.

ಅಷ್ಟಕ್ಕೇ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ನನಗೆ ಸುಮ್ಮನಿರಲು ಬರಬೇಕಲ್ಲ! ವಿದ್ಯಾರ್ಥಿವೇತನದ ಆಫೀಸಿನ ಮುಖ್ಯಸ್ಥೆ ಕ್ಲಾರಾ ಮೇಡಂ ಅವರನ್ನೂ ಕರೆದು ನಮ್ಮ ಸಂಸ್ಕೃತಿಯನ್ನು ತೋರಿಸಿಬಿಡೋಣ ಎಂಬ ಮಹದಾಲೋಚನೆ ನನ್ನ ತಲೆಗೆ ಹೊಕ್ಕಿತು. ಅವರೋ ಎತ್ತರದ, ದೊಡ್ಡ ಮನಸ್ಸಿನ, ತಲೆ ಪೂರ್ತಿ ನರೆತ ಜರ್ಮನ್ ಹೆಂಗಸು. ಕರೆದ ಕೂಡಲೇ ಒಪ್ಪಿದರು. ವಿದೇಶಿಯರ ಮುಂದೆ ಒಂದು ಕಾಯಿ, ಒಂದು ಖಣ ಸಾಕೇ? ಹಸಿರು ಇಳಕಲ್ ಸೀರೆ ಉಟ್ಟೆ. ಕೈತುಂಬ ಹಸಿರು ಬಳೆ ಇಟ್ಟೆ. ಮುಡಿತುಂಬ ಮಲ್ಲಿಗೆ ಮುಡಿದೆ. ಐದು ಬಗೆಯ ಹಣ್ಣು ತರಿಸಿದೆ.

"ಇಷ್ಟ್ಯಾಕ ಸಿಂಗಾರ ನಮ್ಮವ್ವಾ? ವಿಮಾನದಾಗ ಮದಿವ್ಯಾಗಾಕ ಹೊಂಟೀಯೇನು?" ಎಂದರು ಅತ್ತೆ.

"ಫೋಟೋ ಛಲೋ ಬರ್ತದ ಅತ್ತೀ," ಎಂದೆ.

ಎದುರು ಮನೆಯ ಇಂದಿರಕ್ಕ ಸ್ವಲ್ಪ ತಡವಾಗಿ ಬಂದರು. ಉಡುಪಿಯ ಕಡೆಯವರು, ಅವರ ಯಜಮಾನರಿಗೆ ಸ್ಟೇಷನ್ ಹತ್ತಿರ ಹೋಟೆಲ್ ಇತ್ತು. ಮಂಗಳೂರಿನ ಕಾನ್ವೆಂಟಿನಲ್ಲಿ ಓದಿದವರು, ಇಂಗ್ಲಿಷ್ ಪಟಪಟ ಬರುತ್ತಿತ್ತು. ಕ್ಲಾರಾ ಮೇಡಂ ಪಕ್ಕದಲ್ಲಿ ಕೂತು ಎಲ್ಲವನ್ನೂ ವಿವರಿಸುವ ಜವಾಬ್ದಾರಿಯನ್ನು ನಾನೇ ಅವರಿಗೆ ವಹಿಸಿದ್ದೆ. ಉಡಿ ತುಂಬುವಾಗ ಬಾಯಿ ಬಿಡಬಾರದು ಎಂದು ಅತ್ತೆ ಕಟ್ಟಪ್ಪಣೆ ಮಾಡಿದ್ದರು. ಹೀಗಾಗಿ ನಾನು ಮಣೆಯ ಮೇಲೆ ಗೌರಮ್ಮನ ಹಾಗೆ ಕೂತಿದ್ದೆ. ಇಂದಿರಕ್ಕ ನನ್ನ ಹಸಿರು ಸೀರೆ, ಹಸಿರು ಬಳೆ, ಸೆರಗಿನ ತುಂಬ ಹಣ್ಣುಕಾಯಿ ನೋಡಿ ಕಣ್ಣರಳಿಸಿದರು. ಆಮೇಲೆ ಮೇಡಂ ಕಿವಿಯಲ್ಲಿ ಏನೋ ಹೇಳಿದರು. ಮೇಡಂ ಎರಡೂ ಕೈ ಕೆನ್ನೆಗೆ ಇಟ್ಟುಕೊಂಡು ನನ್ನತ್ತ ನೋಡಿ ನಕ್ಕರು. ನಾನೂ ನಕ್ಕು ತಲೆಯಾಡಿಸಿದೆ. ನಮ್ಮ ಸಂಸ್ಕೃತಿ ಅವರಿಗೆ ಎಷ್ಟು ಹಿಡಿಸಿದೆ ನೋಡು ಎಂದು ನನಗೆ ಹೆಮ್ಮೆಯೋ ಹೆಮ್ಮೆ!

ಮರುದಿನದಿಂದ ಇಂದಿರಕ್ಕನ ಮನೆಯಿಂದ ಪತ್ರೊಡೆ, ಕಡುಬು, ಪಾಯಸ ಬರತೊಡಗಿದವು.

"ತಿನ್ನು ವತ್ಸಲಾ, ಈಗ ಚೆನ್ನಾಗಿ ತಿನ್ಬೇಕು. ಮೆಟ್ಟಿಲು ಓಡಿ ಹತ್ಬೇಡ ಮಾರಾಯ್ತಿ," ಎನ್ನುತ್ತಿದ್ದರು.

ಜರ್ಮನಿಯಲ್ಲಿ ನನಗೆ ಊಟ ಸಿಗುವುದಿಲ್ಲವಲ್ಲ, ಪಾಪ, ಅದಕ್ಕೇ ಈ ಅಕ್ಕರೆ ಎಂದು ನಾನು ತಟ್ಟೆ ತಟ್ಟೆ ಖಾಲಿ ಮಾಡಿದೆ.

ಮುಂದಿನ ವಾರ ಇಂದಿರಕ್ಕನ ಮನೆಗೆ ನನಗೊಂದು ಫೋನ್ ಬಂತು. ಬಿಲ್ಡಿಂಗಿಗೆಲ್ಲ ಅದೊಂದೇ ಫೋನು. ಕ್ಲಾರಾ ಮೇಡಂ ಮಾತಾಡುತ್ತಿದ್ದರು. ನನ್ನ ಸುದ್ದಿ ಕೇಳಿ ಅವರಿಗೆ ಬಹಳ ಸಂತೋಷವಾಗಿದೆಯಂತೆ. ಅಲ್ಲಿನ ಪ್ರೊಫೆಸರರಿಗೂ ಆಗಲೇ ಪತ್ರ ಬರೆದಿದ್ದಾರಂತೆ. ಇಂಥ ಸ್ಥಿತಿಯಲ್ಲಿ ಚಳಿಯ ದೇಶಕ್ಕೆ ಕಳಿಸಲು ಅವರಿಗೆ ಮನಸ್ಸಿಲ್ಲ. ಈ ಸಲ ಕಾಂದಿವಲಿಯವರು ಹೋಗಲಿ, ನಾನು ಮಗುವನ್ನು ಎತ್ತಿ ಆಡಿಸಿದ ಮೇಲೆ ಮತ್ತೆ ಅರ್ಜಿ ಹಾಕಬೇಕಂತೆ!

ನಾನು ಬಾಯಿ ಬಿಡುವಷ್ಟರಲ್ಲಿ ಅವರು ಫೋನ್ ಇಟ್ಟಿದ್ದರು. ಯಾವ ಮಗು?

ಮರುದಿನವೇ ಫೋರ್ಟಿನಲ್ಲಿದ್ದ ಮೇಡಂ ಆಫೀಸಿಗೆ ಹೊರಟೆ. ಧೈರ್ಯಕ್ಕೆ ಇರಲಿ ಎಂದು ನಮ್ಮವರನ್ನೂ ಅವರ ಇನ್ಶೂರೆನ್ಸ್ ಆಫೀಸಿಗೆ ರಜೆ ಹಾಕಿಸಿ ಕರೆದುಕೊಂಡೆ. ಗಾಬರಿಯಲ್ಲಿ ಅವರಿಗೆ ವಿಷಯ ಹೇಳುವುದನ್ನೇ ಮರೆತಿದ್ದೆ. ಲೋಕಲ್ ರೈಲಿನಲ್ಲಿ ಹೆಂಗಸರ ಡಬ್ಬಿ, ಗಂಡಸರ ಡಬ್ಬಿ ಬೇರೆಬೇರೆ. ದಾರಿಯಲ್ಲಿ ಹೇಳುವ ಪ್ರಶ್ನೆಯೇ ಇರಲಿಲ್ಲ. ಆ ನೂಕುನುಗ್ಗಲಿನಲ್ಲಿ ನಿಂತೂ ನಿಂತೂ ಬೆವತು, ತಲೆ ಸುತ್ತಿ, ಆಫೀಸಿನ ಬಾಗಿಲಿಗೆ ಹೋಗಿ ಗೋಡೆ ಹಿಡಿದುಕೊಂಡೆ. ಬಸುರಿಯಲ್ಲ ಎಂದು ಸಾಧಿಸಲು ಹೋದವಳ ಪ್ರವೇಶ ಹೀಗಾಯಿತು!

ಕ್ಲಾರಾ ಮೇಡಂ ಓಡಿಬಂದು ಫ್ಯಾನಿನ ಕೆಳಗೆ ಕೂರಿಸಿ ನೀರು ಕೊಟ್ಟರು.

"ಮೇಡಂ, ನೀವು ತಿಳಿದಂಥದ್ದು ಏನೂ ಇಲ್ಲ," ಎಂದೆ.

"ನಾಚಿಕೆ ಬೇಡ ಮಗಳೇ. ಸಮಾರಂಭವನ್ನು ನಾನೇ ಕಣ್ಣಾರೆ ನೋಡಿದ್ದೇನಲ್ಲ," ಎಂದರು.

ಬೆವರು ಒರೆಸಿಕೊಳ್ಳಲು ಕರವಸ್ತ್ರಕ್ಕಾಗಿ ಚೀಲಕ್ಕೆ ಕೈ ಹಾಕಿದೆ. ಕರವಸ್ತ್ರದ ಜೊತೆ ಒಂದು ಪೊಟ್ಟಣ ಬಂದು ಮೇಜಿನ ಮೇಲೆ ಬಿಚ್ಚಿಕೊಂಡಿತು. ಹುಣಸೆಹಣ್ಣು, ಬೆಲ್ಲ, ಜೀರಿಗೆ ಕುಟ್ಟಿ ಅತ್ತೆ ಮಾಡಿಕೊಟ್ಟಿದ್ದ ಚಿಗಳಿ. ಲೋಕಲ್ಲಿನಲ್ಲಿ ವಾಕರಿಕೆ ಬಂದರೆ ಇರಲಿ ಎಂದು ಇಟ್ಟುಕೊಂಡಿದ್ದೆ. ಮೇಡಂ ಮೂಸಿ ನೋಡಿ, ಅರ್ಥವಾದವರಂತೆ ತಲೆದೂಗಿದರು.

"ಹುಳಿ! ನಮ್ಮ ದೇಶದಲ್ಲೂ ಹೀಗೆಯೇ. ನಮ್ಮವರು ಸೌತೆಕಾಯಿಯ ಉಪ್ಪಿನಕಾಯಿ ಕೇಳುತ್ತಾರೆ."

ಆಮೇಲೆ ನಮ್ಮವರ ಕಡೆ ತಿರುಗಿ ಕೈಕುಲುಕಿ, "ತಂದೆಯಾಗುತ್ತಿರುವವರಿಗೆ ಅಭಿನಂದನೆ!" ಎಂದರು.

ನಮ್ಮವರ ಮುಖ ಮೊದಲು ಬಿಳುಚಿತು, ಆಮೇಲೆ ಕೆಂಪಾಯಿತು. ನಿರಾಕರಿಸುತ್ತಾರೆ ಎಂದು ನಾನು ಕಾದೆ. ಅವರು ಕಣ್ಣಲ್ಲಿ ನೀರು ತಂದುಕೊಂಡು ನನ್ನನ್ನೇ ನೋಡಿದರು.

"ನನಗೊಂದು ಮಾತು ಹೇಳಬಾರದೇನ?"

ಹಣೆ ಚಚ್ಚಿಕೊಂಡೆ. ಡಾಕ್ಟರ ಸರ್ಟಿಫಿಕೇಟು ತರುತ್ತೇನೆ ಎಂದೆ. ಆಗಿನ ಕಾಲದಲ್ಲಿ ಆ ಪರೀಕ್ಷೆಯ ಫಲ ಕೈಸೇರಲು ದಿನಗಟ್ಟಲೆ ಹಿಡಿಯುತ್ತಿತ್ತು. ಜರ್ಮನಿಗೆ ಹೆಸರು ಕೇಬಲ್ಲಿನಲ್ಲಿ, ಅಂದರೆ ತಂತಿಯಲ್ಲಿ, ಹೋಗಬೇಕಾದದ್ದು ಮರುದಿನ ಸಂಜೆಯೊಳಗೆ. ಮೇಡಂ ಪ್ರೀತಿಯಿಂದಲೇ ನನ್ನನ್ನು ಮೆಟ್ಟಿಲಿಳಿಸಿ ಟ್ಯಾಕ್ಸಿ ಹತ್ತಿಸಿದರು. ಮನೆಗೆ ಬಂದು ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ನಿಜವಾಗಿ ಅತ್ತುಬಿಟ್ಟೆ. ಆ ಒಂದು ವರ್ಷಕ್ಕಾಗಿ ಎಷ್ಟು ಕನಸು ಕಂಡಿದ್ದೆ! ಇನ್ನೊಬ್ಬರು ಬೀಗ ತೆಗೆಯುವ ತನಕ ಕಾಯದೆ, ನನ್ನದೇ ಒಂದು ಮೈಕ್ರೋಸ್ಕೋಪಿನ ಮುಂದೆ ಬೆಳಗಿನಿಂದ ಸಂಜೆಯವರೆಗೆ ಕೂರುವ ಆಸೆ ನನ್ನದು.

ನನ್ನ ಅಳು ಕೇಳಿ ಅತ್ತೆ ಬಂದರು, ಹಿಂದೆಯೇ ಇಂದಿರಕ್ಕನೂ ಬಂದರು. ವಿಷಯ ತಿಳಿದದ್ದೇ ಇಂದಿರಕ್ಕ ಬಾಯಿಯ ಮೇಲೆ ಕೈಯಿಟ್ಟುಕೊಂಡರು.

"ಅಯ್ಯೋ ದೇವರೇ, ಹೇಳಿದ್ದು ನಾನೇ! ಹಸಿರು ಸೀರೆ, ಹಸಿರು ಬಳೆ, ಮಡಿಲು ತುಂಬ ಹಣ್ಣು. ನಮ್ಮಲ್ಲಿ ಇದು ಬಸುರಿಗೆ ಮಾಡುವ ಬಯಕೆಯ ಶಾಸ್ತ್ರ ಅಲ್ವಾ? ನಂಗೆ ಎಂತ ಗೊತ್ತು, ನೀವು ಊರಿಗೆ ಹೋಗುವವರಿಗೂ ಹೀಗೆ ಮಾಡ್ತೀರಿ ಅಂತ!"

"ನಮ್ಮಲ್ಲಿ ಬಸುರಿಗೂ ತುಂಬತೀವಿ, ಊರಿಗೆ ಹೋಗಾಕಿಗೂ ತುಂಬತೀವಿ, ಮನಿಗೆ ಬಂದಾಕಿಗೂ ತುಂಬತೀವಿ. ಒಂದ ಮಾತು ಕೇಳಬಾರದಿತ್ತೇನ ನೀ?" ಎಂದರು ಅತ್ತೆ.

"ಕೇಳ್ಲಿಕ್ಕೆ ನಾಚಿಕೆ ಆಯ್ತು ಮಾರಾಯ್ರೆ," ಎಂದು ಇಂದಿರಕ್ಕನೂ ಅಳತೊಡಗಿದರು.

ಅತ್ತೆ ಮಾತ್ರ ಅಳಲಿಲ್ಲ. ಸೊಂಟಕ್ಕೆ ಸೆರಗು ಸಿಗಿಸಿ ಕೇಳಿದರು:

"ಆ ಬಿಳೀ ಬಾಯಾರಿಗೆ ಗಂಡ ಅದಾನೇನು?"

"ಅದಾನ ಅತ್ತೀ, ದಿಲ್ಲಿಯೊಳಗ ಇರ್ತಾನ."

"ವಯಸ್ಸು?"

"ಅರವತ್ತರ ಹತ್ತಿರ ಇರಬೇಕು."

"ಹಂಗಿದ್ರ ನಾಳೆ ಆಕೀಗೆ ಉಡಿ ತುಂಬೂಣು!"

ಮರುದಿನ ನಾವು ಮೂವರು ಹೆಂಗಸರು ಅಕ್ಕಿ, ಕಾಯಿ, ಖಣ, ಮಣೆ ಸಮೇತ ಫೋರ್ಟಿನ ಆ ಗಂಭೀರ ಕಚೇರಿಗೆ ದಾಳಿಯಿಟ್ಟೆವು. ಬಾಗಿಲಲ್ಲಿದ್ದ ಪ್ಯೂನ್, "ಯೇ ಕ್ಯಾ ಹೈ ಮಾಜೀ?" ಎಂದು ಅಡ್ಡ ಬಂದ. ಅತ್ತೆಗೆ ಹಿಂದಿ ಬಾರದು. ಮಣೆಯನ್ನು ಅವನ ಕೈಗೇ ಕೊಟ್ಟು ಒಳಗೆ ನಡೆದರು. ಅವನು ಮಣೆ ಹೊತ್ತುಕೊಂಡು ಹಿಂದೆ ಬಂದ.

ಫೈಲುಗಳ ನಡುವೆ ಮಣೆ ಹಾಕಿದೆವು. ಕ್ಲಾರಾ ಮೇಡಂ ಏನಾಗುತ್ತಿದೆ ಎಂದು ಕೇಳುವ ಮೊದಲೇ ಅದರ ಮೇಲೆ ಕೂತಾಗಿತ್ತು. ನಮ್ಮ ಅತ್ತೆ ಭುಜ ಹಿಡಿದು ಒತ್ತಿದರೆ ಯಾರಾದರೂ ಕೂರಲೇಬೇಕು. ಈಗ ಹೊಸ ಸಮಸ್ಯೆ ಬಂತು: ಮೇಡಂಗೆ ಸೆರಗೇ ಇಲ್ಲ! ಅತ್ತೆ ಒಂದು ಗಳಿಗೆ ಯೋಚಿಸಿ, ತಂದಿದ್ದ ಖಣವನ್ನೇ ಅವರ ಸ್ಕರ್ಟಿನ ಮೇಲೆ ಹಾಸಿ, ಅದರಲ್ಲಿ ಅಕ್ಕಿ, ಕಾಯಿ ಹಾಕಿದರು. ಕುಂಕುಮ ಹಚ್ಚಿದರು. ಟೈಪಿಸ್ಟ್ ಹುಡುಗಿ ಟೈಪು ಮಾಡುವುದನ್ನು ಬಿಟ್ಟು ಎದ್ದು ನಿಂತಳು.

"ತವರಮನಿ ಬಿಟ್ಟು ಇಷ್ಟು ದೂರ ಬಂದೀಯವ್ವಾ. ಸುಖದಿಂದ ಇರು," ಎಂದು ಅತ್ತೆ ಅವರ ನರೆತ ತಲೆಯ ಮೇಲೆ ಕೈಯಿಟ್ಟರು.

ಇಂದಿರಕ್ಕ ಅಷ್ಟನ್ನೂ ಇಂಗ್ಲಿಷಿಗೆ ತಿರುಗಿಸಿ, ಇದು ದೂರ ಹೋಗುವವರಿಗೂ ದೂರದಿಂದ ಬಂದವರಿಗೂ ಮಾಡುವ ಹಾರೈಕೆ, ಬಸುರು ಎಂದದ್ದು ತನ್ನದೇ ತಪ್ಪು ಎಂದು ಒಪ್ಪಿಕೊಂಡರು. ಕ್ಲಾರಾ ಮೇಡಂ ಮಡಿಲಲ್ಲಿದ್ದ ಕಾಯಿಯನ್ನು ನೋಡಿದರು. ನನ್ನನ್ನು ನೋಡಿದರು. ಆಮೇಲೆ ನಗತೊಡಗಿದವರು ನಿಲ್ಲಿಸಲೇ ಇಲ್ಲ.

"ಈ ವಯಸ್ಸಿನಲ್ಲಿ ಇದರಿಂದ ನನಗೆ ಮಗುವಾದರೆ, ನಿಮ್ಮ ಸೊಳ್ಳೆಯನ್ನು ಬಿಟ್ಟು ನನ್ನ ಮೇಲೆಯೇ ಸಂಶೋಧನೆ ಮಾಡಬೇಕಾಗುತ್ತದೆ!"

ನಗುತ್ತಲೇ ಕಣ್ಣೊರೆಸಿಕೊಂಡರು. ತಾಯಿ ತೀರಿಕೊಂಡ ಮೇಲೆ ಹೀಗೆ ಯಾರೂ ತಲೆ ಮುಟ್ಟಿರಲಿಲ್ಲ ಎಂದರು. ಮಣೆಯ ಮೇಲೆ ಕೂತಲ್ಲಿಂದಲೇ ಟೈಪಿಸ್ಟಿಗೆ ಕೇಬಲ್ ಬರೆಸಿದರು: ವತ್ಸಲಾ ಬರುತ್ತಿದ್ದಾರೆ. ಗೆದ್ದೆವು! ಫೋರ್ಟಿನ ಬೀದಿಯಲ್ಲಿ ಮಣೆಯನ್ನು ಕಂಕುಳಲ್ಲಿ ಇಟ್ಟುಕೊಂಡು ನಾನು ನಡೆದ ಠೀವಿಯನ್ನು ನೀವು ನೋಡಬೇಕಿತ್ತು. ಸಂಜೆ ಇಂದಿರಕ್ಕನ ಯಜಮಾನರು ತಮ್ಮ ಹೋಟೆಲಿನಲ್ಲಿ ನಮಗೆಲ್ಲ ಮಸಾಲೆ ದೋಸೆ ಕೊಡಿಸಿದರು. ಕಾಂದಿವಲಿಯ ಮಹಾಶಯರನ್ನು ನೆನೆದು ನಾನು ಇನ್ನೊಂದು ಹೆಚ್ಚಿಗೆ ತಿಂದೆ.

ಹೀಗೆ ವಿಜಯಪತಾಕೆ ಹಾರಿಸುತ್ತ ಜರ್ಮನಿಗೆ ಬಂದಿಳಿದೆ. ಪ್ರೊಫೆಸರರೂ ಅವರ ಹೆಂಡತಿಯೂ ಸ್ಟೇಷನ್ನಿಗೇ ಬಂದಿದ್ದರು. ಆಕೆ ನನ್ನ ಪೆಟ್ಟಿಗೆಯನ್ನು ಮುಟ್ಟಲೂ ಬಿಡಲಿಲ್ಲ. ಎಂಥ ಮರ್ಯಾದೆ ಎಂದುಕೊಂಡೆ. ನನ್ನ ಕೋಣೆಯ ಬಾಗಿಲು ತೆರೆದರೆ, ಮಂಚದ ಪಕ್ಕದಲ್ಲಿ ಒಂದು ಹೊಸ ತೊಟ್ಟಿಲು! ಅದರೊಳಗೆ ಉಣ್ಣೆಯ ಪುಟ್ಟ ಕಾಲುಚೀಲ! ಕ್ಲಾರಾ ಮೇಡಂ ಅವರ ಮೊದಲ ಪತ್ರ ಆ ಊರಿಗೆಲ್ಲ ತಲುಪಿತ್ತು. ಕೇಬಲ್ಲಿನಲ್ಲಿ ಇದ್ದದ್ದು ನಾನು ಬರುತ್ತೇನೆ ಎಂದಷ್ಟೇ, ಒಬ್ಬಳೇ ಬರುತ್ತೇನೆ ಎಂದಲ್ಲ.

ತೊಟ್ಟಿಲನ್ನು ಹಿಂದಕ್ಕೆ ಕೊಡಲು ಹೋದರೆ ಆಕೆ, "ಇರಲಿ, ಯಾವಾಗಲಾದರೂ ಬೇಕಾಗುತ್ತದೆ," ಎಂದರು. ಬೇಕಾಯಿತು. ಚಳಿಗಾಲದ ರಾತ್ರಿಗಳಲ್ಲಿ ಪ್ರಯೋಗಾಲಯ ತಣ್ಣಗಾಗಿ ನನ್ನ ಸೊಳ್ಳೆಮರಿಗಳು ಸಾಯತೊಡಗಿದವು. ಅವುಗಳ ಬಾಟಲಿಗಳನ್ನು ಕೋಣೆಗೆ ತಂದು, ಹೀಟರಿನ ಪಕ್ಕದಲ್ಲಿ, ಆ ತೊಟ್ಟಿಲಿನಲ್ಲಿ ಸಾಲಾಗಿ ಮಲಗಿಸಿ ಕಂಬಳಿ ಹೊದಿಸಿದೆ. ಒಂದೂ ಸಾಯಲಿಲ್ಲ. ಪ್ರೊಫೆಸರರು ಬೆನ್ನು ತಟ್ಟಿದರು. ತೊಟ್ಟಿಲಿನ ಪಕ್ಕ ನಿಂತು ಒಂದು ಫೋಟೋ ತೆಗೆಸಿಕೊಂಡು, ಉಬ್ಬಿಹೋಗಿ ಸಯನ್ನಿಗೆ ಕಳಿಸಿದೆ.

ನಮ್ಮವರ ಉತ್ತರ ಬಂತು. ಫೋಟೋದಲ್ಲಿ ಕಂಬಳಿ ಹೊದ್ದ ತೊಟ್ಟಿಲು ನೋಡಿ ಇಂದಿರಕ್ಕ, "ನಾನು ಆಗಲೇ ಹೇಳಿದ್ದೆ ಅಲ್ವಾ!" ಎಂದರಂತೆ. ಬಿಲ್ಡಿಂಗಿಗೆಲ್ಲ ಪೇಢೆ ಹಂಚಿದ್ದಾಯಿತಂತೆ. ಕಂಬಳಿಯ ಕೆಳಗಿರುವುದು ಸೊಳ್ಳೆ ಎಂದು ಕೂಡಲೇ ಬರೆದೆ. ಆ ಪತ್ರ ಸಮುದ್ರ ದಾಟಿ ಸಯನ್ ಸೇರುವಷ್ಟರಲ್ಲಿ ಅತ್ತೆ ಹೆಸರಿಡುವ ಶಾಸ್ತ್ರವನ್ನೂ ಮುಗಿಸಿದ್ದರು, ತೀರಿಹೋದ ಮಾವನವರ ಹೆಸರು: ಗುರುನಾಥ.

ನನ್ನ ಸಂಶೋಧನೆಗೆ ಅಲ್ಲಿ ಬಹಳ ಮೆಚ್ಚುಗೆ ಬಂತು. ಅದನ್ನು ಸಾಧಿಸಿದ್ದು ಹೇಗೆ ಎಂದು ಯಾರಾದರೂ ಕೇಳಿದರೆ ನಾನು ವಿಷಯ ಬದಲಿಸುತ್ತೇನೆ. ಮಾವನವರ ಹೆಸರಿನ ಸೊಳ್ಳೆಗಳಿಗೆ ವರ್ಷವಿಡೀ ತೊಟ್ಟಿಲು ತೂಗಿದೆ ಎಂದು ಹೇಗೆ ಹೇಳಲಿ!