ಬದಲಿ ಸಿಸ್ಟರ್

ಆ ದಿನದ ಫಜೀತಿಗೆಲ್ಲ ಮೂಲ ಮಾರ್ಕುಸ್‌ನ ಶೂ ಲೇಸು. ಬೆಳಿಗ್ಗೆ ಅದನ್ನು ಕಟ್ಟಲು ಬಗ್ಗಿದವನು ಮೇಲೇಳಲೇ ಇಲ್ಲ; ಸೊಂಟ ಹಿಡಿದು, ಮಡಚಿದ ಕುರ್ಚಿಯ ಹಾಗೆ ಹಾಸಿಗೆ ಸೇರಿದ. ಮಧ್ಯಾಹ್ನ ಒಂದೂವರೆಗೆ ಅವನು ಬಂದು ಸೌಭಾಗ್ಯಳಿಂದ ಡ್ಯೂಟಿ ವಹಿಸಿಕೊಳ್ಳಬೇಕಿತ್ತು.

ಸೌಭಾಗ್ಯ ಗುಳೇದಗುಡ್ಡದವಳು. ಜರ್ಮನಿಯ ನ್ಯೂರೆಂಬರ್ಗಿನ ಒಂದು ವೃದ್ಧಾಶ್ರಮದ ಮೂರನೇ ಮಹಡಿಯಲ್ಲಿ ನರ್ಸು. ಮಗಳು ಪವಿಯನ್ನು ಗಂಡ ಚೇತನಕುಮಾರನ ಬಳಿ ಬಿಟ್ಟು ಬಂದಾಗ ಮಗುವಿಗೆ ನಾಲ್ಕು ವರ್ಷ, ಈಗ ಆರು. ಎರಡು ಸಲ ರಜೆ ಮಂಜೂರಾಗಿ, ಎರಡು ಸಲವೂ ‘ಜನ ಇಲ್ಲ’ ಎಂದು ರದ್ದಾಗಿತ್ತು. ಈ ಸಲ ಟಿಕೆಟ್ಟು ಕೈಯಲ್ಲಿತ್ತು. ಎರಡೂಕಾಲರ ರೈಲು ಹಿಡಿದರೆ ಫ್ರಾಂಕ್‌ಫರ್ಟ್, ಅಲ್ಲಿಂದ ವಿಮಾನ. ನರ್ಸುಗಳ ಕೋಣೆಯಲ್ಲಿ ಅವಳ ಸೂಟ್‌ಕೇಸು ಬೆಳಗಿನಿಂದ ತುದಿಗಾಲಲ್ಲಿ ನಿಂತಿತ್ತು.

ಹತ್ತು ಗಂಟೆಗೆ ಗಂಡ ಫೋನು ಮಾಡಿದ. “ಪವಿ ಈಗ್ಲೇ ಬೂಟ್ ಹಾಕ್ಕೊಂಡು ಕುಂತಾಳ. ಅವ್ವ ಬರೋದು ನಾಳೆ, ತಗಿಯವಾ ಅಂದ್ರ ಒಲ್ಲೆ ಅಂತಾಳ.”

“ಅವ್ವಾ, ನನ್ನ ಮುಂದಿನ ಹಲ್ಲು ಬಿದ್ದೈತಿ,” ಎಂದಿತು ಮಗು ಫೋನು ಕಸಿದುಕೊಂಡು. “ನೀ ಬಂದು ನೋಡೂತನಾ ಹೊಸಾದು ಬರಬ್ಯಾಡ ಅಂತ ಹೇಳೀನಿ.”

ಸೌಭಾಗ್ಯ ಮೂಗು ಒರೆಸಿಕೊಂಡು ಫೋನು ಇಡುವ ಹೊತ್ತಿಗೆ ಮೇಲ್ವಿಚಾರಕಿ ಫ್ರೌ ಬೆರ್ಗ್‌ಮನ್ ಓಡಿ ಬಂದರು. ಅಡುಗೆಯವನೂ ಕೈಕೊಟ್ಟಿದ್ದರಿಂದ ಅವರ ಕೈಯಲ್ಲಿ ಸಾರಿನ ಸೌಟಿತ್ತು. ಮಾರ್ಕುಸ್‌ನ ಸುದ್ದಿ ಹೇಳಿ, “ಬದಲಿ ನರ್ಸುಗಳನ್ನು ಕಳಿಸುವ ಏಜೆನ್ಸಿಗೆ ಹೇಳಿದ್ದೇನೆ. ಒಂದು ಗಂಟೆಗೆ ಯಾರನ್ನಾದರೂ ಕಳಿಸುತ್ತಾರೆ. ಅವರು ಬರುವವರೆಗೆ ಮಾತ್ರ ನೀವು ಕದಲುವಂತಿಲ್ಲ,” ಎಂದರು. ಅರ್ಹ ನರ್ಸು ಒಬ್ಬರಾದರೂ ಮಹಡಿಯಲ್ಲಿ ಇರಲೇಬೇಕೆಂಬುದು ನಿಯಮ.

ಸೌಭಾಗ್ಯಳಿಗೆ ಏಜೆನ್ಸಿಯ ಮೇಲೆ ಭರವಸೆ ಸಾಲಲಿಲ್ಲ. ಊರಾಚೆಯ ಇನ್ನೊಂದು ವೃದ್ಧಾಶ್ರಮದಲ್ಲಿ ನರ್ಸಾಗಿದ್ದ ಮಂಡ್ಯದ ಚಂದನ್‌ಗೆ ಫೋನು ಹಚ್ಚಿದಳು.

“ಅಕ್ಕಾ, ಹತ್ತು ದಿನದಿಂದ ನಾನೇ ರಜಾ ನೋಡಿಲ್ಲ,” ಎಂದ ಚಂದನ್. “ಇಲ್ಲೂ ಇಬ್ರು ಹುಷಾರಿಲ್ಲ ಅಂತ ಮಲಗವ್ರೆ. ನಿಂಗೆ ಯಾರಾದ್ರೂ ಸಿಕ್ಕುದ್ರೆ ಇನ್ನೊಬ್ಬರನ್ನ ಈ ಕಡೆಗೂ ಕಳ್ಸು!”

ಅಷ್ಟರಲ್ಲಿ ಸುದ್ದಿ ಮಹಡಿಯ ತುಂಬ ಹರಡಿತ್ತು. ರೈಲ್ವೆಯಲ್ಲಿದ್ದು ನಿವೃತ್ತರಾದ ತೊಂಬತ್ತೆರಡರ ಹೆರ್ ಫೋಗೆಲ್ ಗಾಲಿಕುರ್ಚಿಯಲ್ಲಿ ಅವಳ ಬೆನ್ನು ಹತ್ತಿದರು. “ಸಿಸ್ಟರ್, ರೈಲಿಗೆ ಇನ್ನು ಎಂಬತ್ತು ನಿಮಿಷ!” “ಸಿಸ್ಟರ್, ಎಪ್ಪತ್ತೈದು!” ಫ್ರೌ ಕ್ರೌಸ್ ಎಂಬ ಅಜ್ಜಿ, ಇವಳು ಹೋಗದಿರಲೆಂದು ಇವಳ ಕೋಟನ್ನೇ ತಮ್ಮ ದಿಂಬಿನಡಿ ಬಚ್ಚಿಟ್ಟುಕೊಂಡರು. ಕೇಳಿದರೆ, “ಯಾವ ಕೋಟು?” ಎಂದು ಹಾಲು ಕುಡಿದ ಬೆಕ್ಕಿನಂತೆ ಕಣ್ಣು ಮುಚ್ಚಿದರು.

ಒಂದಾಯಿತು. ಒಂದೂಕಾಲಾಯಿತು. ಲಿಫ್ಟು ತೆರೆಯಿತು.

ಹೊರಬಂದದ್ದು ಒಬ್ಬ ಹೆಂಗಸು. ಕತ್ತರಿಸಿದ ಬಿಳಿ ಕೂದಲು, ಎದೆಗೆ ಸಿಕ್ಕಿಸಿದ ನರ್ಸುಗಳ ಗಡಿಯಾರ, ಕೈಯಲ್ಲೊಂದು ಪುಟ್ಟ ಚೀಲ. ಎಪ್ಪತ್ತೈದು ದಾಟಿರಬೇಕು. ಜನ ಸಿಗದೆ ಪಿಂಚಣಿದಾರರನ್ನೂ ವಾಪಸು ಕರೆಯುತ್ತಿದ್ದ ಕಾಲ, ಸೌಭಾಗ್ಯಳಿಗೆ ಅಚ್ಚರಿಯಾಗಲಿಲ್ಲ.

“ಸಿಸ್ಟರ್ ಗೆರ್ಟ್ರೂಡ್,” ಎಂದರು ಆಕೆ ಕೈಕುಲುಕಿ. “ಹೇಳಿ, ಯಾರು ನೀರು ಕುಡಿಯುತ್ತಿಲ್ಲ? ಯಾರು ಬಿದ್ದಿದ್ದಾರೆ? ಈ ಯಜಮಾನರ ಕಾಲಿಗೆ ಬ್ಯಾಂಡೇಜು ಕಟ್ಟಿದ್ದು ಯಾರು? ಬಹಳ ಬಿಗಿ.” ಅಲ್ಲೇ ಮಂಡಿಯೂರಿ ಹೆರ್ ಫೋಗೆಲರ ಬ್ಯಾಂಡೇಜು ಬಿಚ್ಚಿ, ಚಕಚಕನೆ ಸುತ್ತಿ ಕಟ್ಟಿದರು. ಫೋಗೆಲ್ ಗಡಿಯಾರ ನೋಡುವುದನ್ನೇ ಮರೆತರು.

ಸೌಭಾಗ್ಯಳಿಗೆ ಆಕೆಯ ಕಾಲಿಗೆ ಬೀಳಬೇಕೆನಿಸಿತು. ಎಲ್ಲರ ವಿವರ ಒಪ್ಪಿಸಿ, ಔಷಧಿ ಕಪಾಟಿನ ಕೀಲಿಕೈ ಕೊಟ್ಟು, ಕೋಟಿನ ಆಸೆ ಬಿಟ್ಟು, ಸೂಟ್‌ಕೇಸು ಎಳೆದುಕೊಂಡು ಓಡಿದಳು.

ರೈಲು ಬಂತು. ಸೂಟ್‌ಕೇಸನ್ನು ಒಳಗೆ ಎತ್ತಿಟ್ಟಳು. ಒಂದು ಕಾಲು ಮೆಟ್ಟಿಲ ಮೇಲಿಡುವಾಗ ಫೋನು ರಿಂಗಾಯಿತು. ಫ್ರೌ ಬೆರ್ಗ್‌ಮನ್.

“ಸೌಭಾಗ್ಯಾ, ಬೇಜಾರು ಮಾಡಿಕೊಳ್ಳಬೇಡಿ. ಏಜೆನ್ಸಿಯ ನರ್ಸಿನ ಕಾರು ದಾರಿಯಲ್ಲಿ ಕೆಟ್ಟಿದೆಯಂತೆ. ಇವತ್ತು ಬರುವುದಿಲ್ಲ.”

“ಬಂದರಲ್ಲ! ಸಿಸ್ಟರ್ ಗೆರ್ಟ್ರೂಡ್! ಎಲ್ಲ ಒಪ್ಪಿಸಿಯೇ ಬಂದೆ!”

ಆ ಕಡೆ ಸೌಟು ಠಣ್ಣೆಂದಿತು.

“ಬಿಳಿ ಕೂದಲು? ಎದೆಯ ಮೇಲೆ ಗಡಿಯಾರ?”

“ಹೌದು.”

“ಅಯ್ಯೋ ದೇವರೇ! ಅವರು ಇವತ್ತು ಸೇರಬೇಕಿದ್ದ ಹೊಸ ಅಜ್ಜಿ. ನಲವತ್ತು ವರ್ಷ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದರು. ಈಗ ಮರೆವು. ನಿವೃತ್ತಿಯಾದದ್ದೂ ನೆನಪಿಲ್ಲ. ಅವರ ಮಗ ಇಲ್ಲಿ ಫಾರಂ ತುಂಬುತ್ತಿದ್ದಾಗ ತಪ್ಪಿಸಿಕೊಂಡಿದ್ದಾರೆ. ಕೆಳಗೆಲ್ಲ ಹುಡುಕುತ್ತಿದ್ದೇವೆ!”

ಔಷಧಿಯ ಕೀಲಿಕೈ! ಸೌಭಾಗ್ಯಳ ಕಾಲು ತಾನೇ ಕೆಳಗಿಳಿಯಿತು. ಬಾಗಿಲು ಮುಚ್ಚಿತು. ಪವಿಗೆಂದು ತೆಗೆದುಕೊಂಡ ಗೊಂಬೆ, ಎರಡು ಫ್ರಾಕು, ಚಾಕೊಲೇಟಿನ ಡಬ್ಬಿ, ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಸೂಟ್‌ಕೇಸು ಒಂಟಿಯಾಗಿ ರಜೆಗೆ ಹೊರಟಿತು.

ಅವಳು ಏದುಸಿರು ಬಿಡುತ್ತ ಬಂದಾಗ ಮೂರನೇ ಮಹಡಿ ಎಂದೂ ಇಲ್ಲದಷ್ಟು ಶಾಂತವಾಗಿತ್ತು. ಎಲ್ಲರ ಮುಂದೆಯೂ ಲೋಟದಲ್ಲಿ ನೀರು. ಬಾಗಿಲಲ್ಲಿ ಫ್ರೌ ಬೆರ್ಗ್‌ಮನ್ ಮತ್ತು ಗೆರ್ಟ್ರೂಡರ ಮಗ ಕೈಕಟ್ಟಿ ನಿಂತಿದ್ದರು. ಕಪಾಟಿಗೆ ಹಾಕಿದ ಬೀಗ ಹಾಗೇ ಇತ್ತು. ಆದರೆ ಗೆರ್ಟ್ರೂಡ್ ಕೀಲಿಕೈ ಕೊಡಲು ಒಪ್ಪುತ್ತಿರಲಿಲ್ಲ. “ನರ್ಸು ಬರಲಿ. ಸೌಟು ಹಿಡಿದವರ ಕೈಗೆಲ್ಲ ಕೊಡುವುದಲ್ಲ ಇದು.”

ಸೌಭಾಗ್ಯಳನ್ನು ಕಂಡದ್ದೇ ಹುಬ್ಬು ಗಂಟಿಕ್ಕಿದರು. “ತಡವಾಗಿ ಬಂದಿರಿ.” ಪ್ರತಿಯೊಬ್ಬರ ವಿವರ ಒಪ್ಪಿಸಿ ಕೀಲಿಕೈ ಕೊಟ್ಟರು. ಒಂದೇ ಒಂದು ತಪ್ಪಿರಲಿಲ್ಲ. ಆಮೇಲೆ ಚೀಲ ಎತ್ತಿಕೊಂಡು ಲಿಫ್ಟಿನತ್ತ ನಡೆದರು. “ನನ್ನ ಡ್ಯೂಟಿ ಮುಗಿಯಿತು. ಮನೆಯಲ್ಲಿ ಅಮ್ಮ ಕಾಯುತ್ತಿರುತ್ತಾಳೆ.”

ಮಗ ಮುಖ ತಿರುಗಿಸಿಕೊಂಡ. ಸೌಭಾಗ್ಯ ಹೋಗಿ ಆಕೆಯ ತೋಳು ಹಿಡಿದಳು. “ಬಸ್ಸು ತಡವಂತೆ. ಸ್ವಲ್ಪ ಕೂತಿರೋಣ ಬನ್ನಿ.”

ಕಿಟಕಿಯ ಬಳಿ ಇಬ್ಬರೂ ಕೂತರು. ಮತ್ತೆ ಕಟ್ಟಿಕೊಂಡಿದ್ದ ಏಪ್ರನ್ನಿನ ಜೇಬಿನಲ್ಲಿ ಗಂಡನ ಕರೆಗೆ ಫೋನು ನಡುಗುತ್ತಲೇ ಇತ್ತು. ಸೌಭಾಗ್ಯಳಿಗೆ ತೆಗೆಯುವ ಧೈರ್ಯವಾಗಲಿಲ್ಲ.

ಗೆರ್ಟ್ರೂಡ್ ಅವಳ ಮುಖವನ್ನೇ ನೋಡಿದರು. “ನಿಮಗೆ ಮನೆಯಲ್ಲಿ ಯಾರಿದ್ದಾರೆ?”

“ಮಗಳು. ಆರು ವರ್ಷ.”

“ಮತ್ತೆ ಇಲ್ಲಿ ಯಾಕೆ ಕೂತಿದ್ದೀರಿ?” ಗೆರ್ಟ್ರೂಡ್ ಎದ್ದು, ಮೆತ್ತಗೆ ಅವಳ ಬೆನ್ನಿನ ಮೇಲಿನ ಏಪ್ರನ್ನಿನ ಗಂಟು ಬಿಚ್ಚತೊಡಗಿದರು. “ಹೋಗಮ್ಮ, ನೀನು ಹೋಗು. ಇಲ್ಲಿ ನಾನಿದ್ದೇನಲ್ಲ.”