ಚೌಕಾಬಾರದ ಪಾಠ

ಲೆಕ್ಕ ಕಲಿಸುವ ವಿಷಯದಲ್ಲಿ ನನಗೆ ವಿನಯ ಸ್ವಲ್ಪ ಕಡಿಮೆ. ಹೈಸ್ಕೂಲಿನ ಗಣಿತದ ಮೇಷ್ಟ್ರಾಗಿ ನಿವೃತ್ತನಾದವನು ನಾನು. ನನ್ನ ಹಳೆಯ ಶಿಷ್ಯರು ವಿಜಯನಗರದ ಮಾರ್ಕೆಟ್ಟಿನಲ್ಲಿ ನನ್ನನ್ನು ಕಂಡರೆ ಈಗಲೂ ಕೈಮುಗಿಯುತ್ತಾರೆ. ಕೆಲವರು ರಸ್ತೆ ದಾಟಿ ಆ ಕಡೆ ಹೋಗಿಬಿಡುತ್ತಾರೆ. ಎರಡನ್ನೂ ನಾನು ಗೌರವವೆಂದೇ ಸ್ವೀಕರಿಸಿದ್ದೇನೆ. ಹೀಗಿರುವಾಗ ಮೊಮ್ಮಗಳು ಸಾನ್ವಿ ಎಲ್‌ಕೆಜಿಗೆ ಸೇರಿದಳು. ಇವಳ ಲೆಕ್ಕ ನನ್ನ ಜವಾಬ್ದಾರಿ, ಸ್ಲೇಟು ಬಳಪ ಏನೂ ಬೇಡ, ಎಲ್ಲ ಆಟದಲ್ಲೇ ಕಲಿಸುತ್ತೇನೆ ಎಂದು ಮೂಡಲಪಾಳ್ಯದ ನಮ್ಮ ಮನೆಯ ಹಾಲಿನಲ್ಲಿ ನಿಂತು ಸಾರಿಬಿಟ್ಟೆ. ಸೊಸೆ ರೂಪಾ ಆಗಲಿ ಮಾವ ಎಂದಳು. ಆಫೀಸಿಗೆ ಹೊರಡುವ ಆತುರದಲ್ಲಿ ಅವಳು ಯಾವುದಕ್ಕಾದರೂ ಹಾಗೇ ಅನ್ನುತ್ತಾಳೆ ಎಂಬುದು ಬೇರೆ ಮಾತು.

ಅವರೆಕಾಯಿಯ ಕಾಲವಾಗಿತ್ತು. ತಾತ ಮೊಮ್ಮಗಳು ಕಾಯಿ ಬಿಡಿಸಲು ಕೂತೆವು. ಎರಡು ಕಾಳಿನವು ಒಂದು ಕಡೆ, ಮೂರು ಕಾಳಿನವು ಇನ್ನೊಂದು ಕಡೆ, ಹುಳ ಇರುವವು ತಾತನ ಕಡೆ ಎಂದು ಅವಳೇ ವಿಂಗಡಿಸಿದಳು. ವಿಂಗಡಿಸುವುದೇ ಗಣಿತದ ತಳಪಾಯ ಎಂದು ನಾನು ಅಡುಗೆಮನೆಗೆ ಕೇಳುವಂತೆ ವಿವರಿಸಿದೆ. ಅವತ್ತು ಊಟ ಮಾತ್ರ ತಡವಾಯಿತು. ಆಮೇಲೆ ಶುರುವಾದದ್ದು ಚೌಕಾಬಾರ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆಗಳನ್ನು ಬರೆದು ನಾಲ್ಕು ಕವಡೆ ಉರುಳಿಸುವುದು. ಎಷ್ಟು ಕವಡೆ ಬಾಯಿ ಮೇಲಾಗಿ ಬಿದ್ದವೋ ಅಷ್ಟು ಮನೆ ಕಾಯಿ ನಡೆಸುವುದು. ನಾಲ್ಕೂ ಬೋರಲಾಗಿ ಬಿದ್ದರೆ ಎಂಟು. ಎದುರಾಳಿಯ ಕಾಯಿ ಇರುವ ಮನೆಗೇ ಸರಿಯಾಗಿ ಹೋಗಿ ನಿಂತರೆ ಅದನ್ನು ಕಡಿಯಬಹುದು. ಕಡಿಸಿಕೊಂಡ ಕಾಯಿ ಮತ್ತೆ ಮೊದಲಿನಿಂದ ಹೊರಡಬೇಕು. ಎಣಿಕೆ, ಸಂಕಲನ, ಮುಂದಾಲೋಚನೆ ಎಲ್ಲವೂ ಇದರಲ್ಲಿದೆ. ಕೆಲವೇ ದಿನಗಳಲ್ಲಿ ಸಾನ್ವಿ ಬೆರಳು ಮಡಿಸದೆ, ಕವಡೆ ನೆಲಕ್ಕೆ ಬೀಳುತ್ತಿದ್ದಂತೆಯೇ ಎಷ್ಟೆಂದು ಹೇಳತೊಡಗಿದಳು. ನಾನು ಉಬ್ಬಿಹೋದೆ.

ಅಷ್ಟರಲ್ಲಿ ಶಾಲೆಯಲ್ಲೊಂದು ಎಡವಟ್ಟಾಯಿತು. ಟೀಚರು ಮೇಜಿನ ಮೇಲೆ ನಾಲ್ಕು ಲೋಟಗಳನ್ನು ಬೋರಲು ಹಾಕಿ ಎಷ್ಟಿವೆ ಎಂದು ಕೇಳಿದರಂತೆ. ಸಾನ್ವಿ ಎಂಟು ಎಂದಳಂತೆ. ಅವರು ಒಂದು ಲೋಟವನ್ನು ನೆಟ್ಟಗೆ ಮಾಡಿ, ಈಗ ಸರಿಯಾಗಿ ನೋಡು ಎಂದರೆ ಒಂದು ಎಂದಳಂತೆ. ಚೌಕಾಬಾರದ ಪ್ರಕಾರ ಎರಡೂ ಉತ್ತರ ಸರಿ ಎಂದು ನಾನು ವಾದಿಸಿದೆ. ರೂಪಾ ನಗಲಿಲ್ಲ.

"ನೀವು ಹೇಳ್ಕೊಡೋದು ತಪ್ಪು ಅಂತಲ್ಲ ಮಾವ. ಆದ್ರೆ ನನಗೆ ಭಯ ಆಗ್ತಿದೆ. ಸೋಮವಾರದಿಂದ ಟ್ಯೂಷನ್‌ಗೆ ಹಾಕ್ಬಿಡ್ತೀನಿ."

ಆ ಟ್ಯೂಷನ್ ನಡೆಯುವುದು ಬೇಕರಿಯ ಮೇಲಿನ ಮಹಡಿಯಲ್ಲಿ. ಆಡುವ ಹೊತ್ತಿನಲ್ಲಿ ಪುಟ್ಟ ಪುಟ್ಟ ಮಕ್ಕಳು ಅಲ್ಲಿ ಆಕಳಿಸುತ್ತ ಒಂದರಿಂದ ನೂರು ಬರೆಯುವುದನ್ನು ನಾನು ಕಂಡಿದ್ದೆ. ನನಗೆ ನಿಜವಾಗಿಯೂ ಸಂಕಟವಾಯಿತು. ಲೆಕ್ಕ ಎಂದರೆ ಕುಣಿದುಕೊಂಡು ಬರುವ ಮಗು ಅಲ್ಲಿ ಕೂತರೆ ಲೆಕ್ಕವೆಂದರೆ ಓಡಿಹೋಗುವಂತಾಗುತ್ತದೆ. ಅಂಥ ಮಕ್ಕಳನ್ನು ಹೈಸ್ಕೂಲಿನಲ್ಲಿ ಸಾಕಷ್ಟು ಕಂಡಿದ್ದೇನೆ. ಭಾನುವಾರ ನಮ್ಮ ಒಂದು ಆಟ ಕೂತು ನೋಡಮ್ಮ, ಆಮೇಲೆ ನಿನ್ನಿಷ್ಟ ಎಂದೆ. ಗೆಲುವು ನನ್ನದೇ ಎಂಬುದರಲ್ಲಿ ಅನುಮಾನವೇ ಇರಲಿಲ್ಲ.

ಭಾನುವಾರ ಲೋಟದ ಪರೀಕ್ಷೆ ಸಲೀಸಾಗಿ ಮುಗಿಯಿತು. ಲೋಟ ಹೇಗೆ ಬಿದ್ದಿದ್ದರೂ ಲೋಟವೇ ಎಂದು ಒಮ್ಮೆ ಹೇಳಿದ್ದು ಸಾಕಾಯಿತು. ಚೌಕಾಬಾರಕ್ಕೆ ಕೂತೆವು. ಸಾನ್ವಿಗೆ ಮೂರು ಬಿತ್ತು. ನನ್ನ ಕಾಯಿ ಅವಳ ಕಾಯಿಯಿಂದ ಸರಿಯಾಗಿ ಮೂರನೇ ಮನೆಯಲ್ಲಿತ್ತು. ಅವಳು ಎರಡೇ ಮನೆ ನಡೆಸಿ ಕೈ ತೆಗೆದಳು. ಏನೋ ಅವಸರ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ನಾಲ್ಕು ಬಿದ್ದಾಗಲೂ ನನ್ನ ಕಾಯಿಯ ಹಿಂದಿನ ಮನೆಗೆ ಬಂದು ನಿಂತುಬಿಟ್ಟಳು. ರೂಪಾ ಒಮ್ಮೆ ನನ್ನ ಕಡೆ ನೋಡಿ ಟ್ಯೂಷನ್‌ನವರಿಗೆ ಫೋನ್ ಮಾಡಲು ಮೊಬೈಲ್ ಎತ್ತಿಕೊಂಡಳು. ನಾನು ಹಳೆಯ ಮೇಷ್ಟ್ರ ದನಿಯಲ್ಲಿ, ನಾಲ್ಕು ಬಿದ್ದರೆ ಎಷ್ಟು ಮನೆ ಹೋಗಬೇಕು ಎಂದು ಕೇಳಿದೆ.

ಸಾನ್ವಿ ಅಮ್ಮನಿಗೆ ಕೇಳಿಸದಿರಲಿ ಎಂಬಂತೆ ನನ್ನ ಕಿವಿಯ ಹತ್ತಿರ ಬಂದಳು. ಆದರೆ ಮಕ್ಕಳ ಗುಟ್ಟು ಬೀದಿಗೆಲ್ಲ ಕೇಳಿಸುತ್ತದೆ.

"ನಾಲ್ಕೇ ತಾತ. ನಾಲ್ಕು ಇಟ್ರೆ ನಿನ್ ಕಾಯಿ ಕಡೀಬೇಕಾಗತ್ತೆ. ಕಡಿದ್ರೆ ನೀನು ಕೋಪ ಮಾಡ್ಕೊಂಡು ಕಾಫೀನೂ ಕುಡಿಯಲ್ಲ. ಅದಕ್ಕೇ ಮೂರು ಇಟ್ಟೆ."

ರೂಪಾ ಮೊಬೈಲ್ ಕೆಳಗಿಟ್ಟು, ಬಾಯಿಗೆ ಕೈ ಅಡ್ಡ ಹಿಡಿದು ಅಡುಗೆಮನೆಗೆ ಹೋದಳು. ಟ್ಯೂಷನ್ ಮಾತು ಅಲ್ಲಿಗೆ ಮುಗಿಯಿತು. ನನಗೋ ಕಣ್ಣು ತುಂಬಿ ಬಂತು. ಎಣಿಸಲು ಬಾರದ ಮಗು ಬೇಕೆಂದೇ ಒಂದು ಮನೆ ಕಡಿಮೆ ಎಣಿಸಲು ಸಾಧ್ಯವೇ? ಅವಳನ್ನು ಎದುರಿಗೆ ಕೂರಿಸಿಕೊಂಡು, ಆಟ ಎಂದರೆ ಆಟ ಕಂದಾ, ನೀನು ಧಾರಾಳವಾಗಿ ಕಡಿ, ತಾತನಿಗೆ ಕೋಪ ಎಂಬುದೇ ಬರುವುದಿಲ್ಲ ಎಂದು ಭರವಸೆ ಕೊಟ್ಟೆ. ಪಾಪ, ಅವಳು ನಂಬಿದಳು. ಮುಂದಿನ ಸರದಿಯಲ್ಲೇ, ಹೊರಸುತ್ತು ಮುಗಿಸಿ ಇನ್ನೇನು ಒಳಗೆ ಕಾಲಿಡಲಿದ್ದ ನನ್ನ ಕಾಯಿಯನ್ನು ಒಂದು ಮನೆಯೂ ಹೆಚ್ಚುಕಡಿಮೆಯಾಗದಂತೆ ಎಣಿಸಿ ಕಡಿದಳು. ರೂಪಾ ಕಾಫಿ ತಂದಿಟ್ಟಳು. ಇವತ್ತು ಡಿಕಾಕ್ಷನ್ ಯಾಕೋ ಸರಿಯಿಲ್ಲಮ್ಮ ಎಂದು, ತುಟಿಗೂ ಸೋಕಿಸದೆ, ದೂರ ಸರಿಸಿದೆ.